ಸೊಂಟ ಹಿಡಿದ ನಾಲ್ಕು ವರ್ಷ

ಒದ್ದೆ ಬಟ್ಟೆ ತುಂಬಿದ ಬಕೆಟ್ ಎತ್ತಲು ಬಗ್ಗಿದೆ, ಅಷ್ಟೇ. ಸೊಂಟದ ಎಡಗಡೆ ಚಳಕ್ ಅಂತು, ಬಚ್ಚಲ ಗೋಡೆ ಹಿಡಿದು ಹಾಗೇ ನಿಂತುಬಿಟ್ಟೆ. ಅದು 2021ರ ಮಳೆಗಾಲ. ಉಳುಕಿರಬೇಕು, ಎರಡು ದಿನದಲ್ಲಿ ಹೋಗುತ್ತೆ ಅಂದರು ಎಲ್ಲರೂ. ಊರಿಗೆ ಹೋದಾಗ ಅತ್ತೆ, ಕಾಲು ಮುಂದಾಗಿ ಹುಟ್ಟಿದವರೊಬ್ಬರನ್ನು ಕರೆಸಿ ಮೂರು ಸಲ ಸೊಂಟಕ್ಕೆ ಮೆಲ್ಲಗೆ ಒದೆಸಿದರು. ಪ್ರೀತಿಯಿಂದಲೇ ಮಾಡಿಸಿದ್ದು, ಅದಕ್ಕೆ ನನಗೇನೂ ಬೇಜಾರಿಲ್ಲ. ಆದರೆ ನೋವು ಹೋಗಲಿಲ್ಲ. ಮೂರು ತಿಂಗಳು ದಾಟಿತು. ಮೂರು ತಿಂಗಳು ದಾಟಿದ ನೋವಿನ ಲೆಕ್ಕವೇ ಬೇರೆ, ಅದನ್ನು ನೋಡುವ ರೀತಿಯೂ ಬೇರೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಎಂಆರ್‌ಐ ಮಾಡಿಸಿದೆವು. ಮನೆ ತಲುಪುವವರೆಗೂ ತಡೆಯಲಾಗದೆ ಆಟೋದಲ್ಲೇ ಕವರ್ ಬಿಚ್ಚಿ ಓದಿದೆ. ಎಲ್4-ಎಲ್5 ಡಿಸ್ಕ್ ಬಲ್ಜ್, ಡಿಸ್ಕ್ ಸವೆತ. ಅಂದರೆ ಸೊಂಟದ ಕೆಳಭಾಗದ ಎರಡು ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ, ಸವೆದಿದೆ ಅಂತ. ರಿಪೋರ್ಟ್ ನೋಡಿದ ಡಾಕ್ಟರು, "ಡಿಸ್ಕ್ ಜಾರಿದೆ, ಇನ್ನು ಮೇಲೆ ಬಗ್ಗಬೇಡಿ, ಭಾರ ಎತ್ತಬೇಡಿ" ಅಂದರು. ಎಷ್ಟು ದಿನ, ಏನು ಎತ್ತಬಹುದು, ಒಂದೂ ಹೇಳಲಿಲ್ಲ. ನಾನು ಅದನ್ನು ಇಡೀ ಜನ್ಮಕ್ಕೆ ಅಂತ ತಿಳಿದುಕೊಂಡೆ.

ನೆಲದ ಮೇಲೆ ಕೂತು ಊಟ ಮಾಡುವುದು ಬಿಟ್ಟೆ. ರಂಗೋಲಿ ಬಿಟ್ಟೆ. ಸೊಂಟಕ್ಕೆ ಬೆಲ್ಟ್ ಕಟ್ಟದೆ ಸ್ಕೂಟಿ ಹತ್ತುತ್ತಿರಲಿಲ್ಲ. ಮಗಳಿಗೆ ಆಗ ಮೂರು ವರ್ಷ. "ಅಮ್ಮಾ ಎತ್ಕೋ" ಅಂತ ಎರಡೂ ಕೈ ಚಾಚಿದರೆ ನಾನು ಮಂಚದ ಮೇಲೆ ಕೂತು, ಅವಳನ್ನೇ ಹತ್ತಿರ ಕರೆದು ತಬ್ಬಿಕೊಳ್ಳುತ್ತಿದ್ದೆ. ಸ್ವಲ್ಪ ದಿನಕ್ಕೆ ಅವಳು ಕೇಳುವುದನ್ನೇ ನಿಲ್ಲಿಸಿದಳು. ಇಷ್ಟೆಲ್ಲ ಬಿಟ್ಟರೂ ನೋವು ಮಾತ್ರ ಜಾಸ್ತಿ ಆಗುತ್ತಲೇ ಇತ್ತು.

2023ರಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಅವರು ರಿಪೋರ್ಟ್ ಮುಟ್ಟಲೇ ಇಲ್ಲ. ಮೊದಲು ಪ್ರಶ್ನೆ ಕೇಳಿದರು. ಮೂತ್ರ, ಮಲದ ಹಿಡಿತ ತಪ್ಪಿದೆಯಾ? ತೊಡೆಸಂದಿ, ಕೂರುವ ಜಾಗ ಮರಗಟ್ಟಿದೆಯಾ? ಕಾಲಿನ ಬಲ ಕಮ್ಮಿ ಆಗಿದೆಯಾ? ಜ್ವರ ಬರುತ್ತಾ, ತೂಕ ಸುಮ್ನೆ ಇಳಿದಿದೆಯಾ? ಬೆನ್ನುಮೂಳೆಗೂ ಟಿಬಿ ಬರುತ್ತದೆ, ಅದಕ್ಕೇ ಕೇಳುವುದು ಅಂದರು. ಇವುಗಳಲ್ಲಿ ಯಾವುದಕ್ಕಾದರೂ ನಿಮ್ಮ ಉತ್ತರ ಹೌದು ಅಂತಾದರೆ ಈ ಬ್ಲಾಗ್ ಓದುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಅದರಲ್ಲೂ ಮೊದಲಿನ ಮೂರರಲ್ಲಿ ಒಂದಿದ್ದರೂ ಅವತ್ತೇ ಹೋಗಿ. ಆಪರೇಷನ್ ನಿಜವಾಗಿ ಬೇಕಾದವರೂ ಇದ್ದಾರೆ.

ನನಗೆ ಅವು ಯಾವುದೂ ಇರಲಿಲ್ಲ. ಆಮೇಲೆ ಅವರು ಹೇಳಿದ್ದು ಕೇಳಿ ನನಗೆ ಅಳುವೇ ಬಂತು. 1994ರಲ್ಲಿ ಅಮೆರಿಕದಲ್ಲಿ, ಬೆನ್ನು ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದ್ದರಂತೆ. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಡಿಸ್ಕ್ ಬಲ್ಜ್ ಇತ್ತು. ಅಂದರೆ ಚಿತ್ರದಲ್ಲಿ ಕಂಡಿದ್ದೆಲ್ಲ ನೋವಿನ ಕಾರಣ ಅಲ್ಲ, ಅಲ್ವಾ? ಡಿಸ್ಕ್ ಅನ್ನುವುದು ಎರಡು ಮೂಳೆಗಳ ನಡುವೆ ಗಟ್ಟಿಯಾಗಿ ಅಂಟಿಕೊಂಡಿರುವ ವಸ್ತು, ಸೋಪಿನ ಹಾಗೆ ಜಾರಿ ಹೋಗುವುದಿಲ್ಲ.

ಹಾಗಾದರೆ ಈ ನೋವು ಸುಳ್ಳಾ ಅಂತ ಕೇಳಿದೆ. ನೋವು ನಿಜವೇ, ಆದರೆ ಪೆಟ್ಟು ವಾಸಿಯಾದ ಮೇಲೂ ನರಗಳು, ಮಿದುಳು ಎಚ್ಚರ ಬಿಟ್ಟಿರುವುದಿಲ್ಲ ಅಂದರು. ತೆನಾಲಿ ರಾಮನ ಬೆಕ್ಕಿನ ಕಥೆ ಗೊತ್ತಲ್ಲ, ಒಮ್ಮೆ ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಮೇಲೆ ತಣ್ಣಗಿನ ಹಾಲು ಕಂಡರೂ ಓಡಿಹೋಗುತ್ತಿತ್ತು. ನನ್ನ ಸೊಂಟ ಆ ಬೆಕ್ಕಾಗಿತ್ತು. ಇದು ತಣ್ಣಗಿದೆ, ಏನೂ ಆಗಲ್ಲ ಅಂತ ಅದಕ್ಕೆ ಗುಟುಕು ಗುಟುಕಾಗಿ ಕಲಿಸಬೇಕಿತ್ತು.

ಕಲಿಸಿದ್ದು ಅದೇ ಬಕೆಟ್ಟಿನಿಂದ. ಮೊದಲ ವಾರ ಖಾಲಿ ಬಕೆಟ್. ಮಂಡಿ ಸ್ವಲ್ಪ ಮಡಚಿ, ಸೊಂಟ ಹಿಂದಕ್ಕೆ ತಳ್ಳಿ, ಉಸಿರು ಬಿಗಿ ಹಿಡಿಯದೆ ಎತ್ತುವುದು, ಇಳಿಸುವುದು, ಹತ್ತು ಸಲ. ಖಾಲಿ ಬಕೆಟ್ ಎತ್ತುವಾಗಲೂ ನನ್ನ ಅಂಗೈ ಬೆವರುತ್ತಿತ್ತು. ಆಮೇಲೆ ಎರಡು ಚೊಂಬು ನೀರು. ಆಮೇಲೆ ಕಾಲು ಬಕೆಟ್. ಅರ್ಧ ಬಕೆಟ್ ತಲುಪಲು ನಾಲ್ಕು ತಿಂಗಳು ಬೇಕಾಯಿತು. ಮಧ್ಯೆ ಎರಡು ಸಲ ಜೋರಾಗಿ ಹಿಡಿದುಕೊಂಡಿತು, ಎರಡು ಮೂರು ದಿನ ಭಾರ ಇಳಿಸಿ ಮತ್ತೆ ಶುರು ಮಾಡಿದೆ. ಪೂರ್ತಿ ಮಲಗಲಿಲ್ಲ.

ಜೊತೆಗೆ ನಡಿಗೆ. ಐದು ನಿಮಿಷದಿಂದ ಶುರು, ಈಗ ಕೆರೆ ಏರಿ ಮೇಲೆ ಅರ್ಧ ಗಂಟೆ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವು ವಾಸಿಯಾದ 701 ಜನರನ್ನು ಸೇರಿಸಿ ಮಾಡಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ನಡಿಗೆ ಅಭ್ಯಾಸ ಮಾಡಿಕೊಂಡವರಲ್ಲಿ ನೋವು ಮತ್ತೆ ಬರಲು ಸುಮಾರು 208 ದಿನ ಹಿಡಿಯಿತು, ಉಳಿದವರಲ್ಲಿ 112 ದಿನ. ಖರ್ಚು ಅಂದರೆ ಒಂದು ಜೊತೆ ಚಪ್ಪಲಿ. ಬೆಲ್ಟ್ ಬೀರು ಸೇರಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಇಂಥ ನೋವಿಗೆ ಬೆಲ್ಟ್ ಬೇಡ, ಟ್ರಾಕ್ಷನ್ (ಸೊಂಟವನ್ನು ಎಳೆದು ಹಿಡಿಯುವ ಚಿಕಿತ್ಸೆ) ಬೇಡ, ವ್ಯಾಯಾಮ ಬೇಕು ಅಂತಲೇ ಹೇಳಿದೆ. ಎರಡು ವರ್ಷ ಅದನ್ನು ಕಟ್ಟಿಕೊಂಡು ತಿರುಗಿದವಳಿಗೆ ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತಾ ಅಂತ ಇವತ್ತಿಗೂ ಸಿಟ್ಟು ಬರುತ್ತದೆ.

ಈ ವರ್ಷ ಊರ ಜಾತ್ರೆಯಲ್ಲಿ ಮಗಳು, "ಅಮ್ಮ, ತೇರು ಕಾಣ್ತಿಲ್ಲ" ಅಂದಳು. ಅವಳಿಗೀಗ ಏಳು ವರ್ಷ, ಇಪ್ಪತ್ತು ಕಿಲೋ ಮೇಲಿದ್ದಾಳೆ. ಕಾಲು ಅಗಲಿಸಿ ನಿಂತು ಎತ್ತಿಕೊಂಡೆ. ಅವಳು ಗಾಬರಿಯಿಂದ ನನ್ನ ಮುಖ ನೋಡಿದಳು, ಆಮೇಲೆ ತೇರಿನ ಕಡೆ ತಿರುಗಿದಳು. ಮಾರನೇ ದಿನ ಸೊಂಟ ಸ್ವಲ್ಪ ಬಿಗಿಯಾಗಿತ್ತು. ಬಿಸಿನೀರು ಹುಯ್ದುಕೊಂಡು, ಸಂಜೆ ಎಂದಿನಂತೆ ಕೆರೆ ಏರಿ ಕಡೆ ಹೊರಟೆ.