ಮಾರಿದ್ರೆ ಎಷ್ಟು ಬರುತ್ತೆ?

ಗೊತ್ತಿಲ್ಲ. ಮಾರುವುದಿಲ್ಲ. ಉತ್ತರ ಇಷ್ಟೇ, ಅವಸರ ಇದ್ದವರು ಇಲ್ಲಿಗೇ ನಿಲ್ಲಿಸಬಹುದು.

ಬ್ಲೂಸ್, ಫೋಕ್, ಸೋಲ್ ಅಂತ ಬಗೆಬಗೆ ಹಾಡುಗಳ ಹಳೇ ಅಮೆರಿಕನ್ ರೆಕಾರ್ಡ್ ಪ್ಲೇಟುಗಳನ್ನು ಕೂಡಿಡುತ್ತೇನೆ. ಮನೆಗೆ ಬಂದವರೆಲ್ಲ ಬೀರುವಿನ ಮುಂದೆ ನಿಂತು ಕೇಳುವುದು ಇದೊಂದೇ. ಇವರ ಮನೆಗೆ ಹೋಗಿ ನಾನು, 'ನಿಮ್ಮವರ ಕತ್ತಿನ ಸರ ಅಡ ಇಟ್ಟರೆ ಎಷ್ಟು ಸಿಗುತ್ತೆ' ಅಂತ ಕೇಳ್ತೀನಾ? ಇಲ್ಲ ಅಲ್ವಾ?

ಹೋದ ದಸರೆಗೆ ಭಾವ ಬಂದಿದ್ದರು. ಜಂಬೂಸವಾರಿ ನೋಡಿ, ಚುರುಮುರಿ ತಿಂದ ಕೈಯಲ್ಲೇ ಬೀರು ತೆಗೆದರು. ಸಿಕ್ಕಿದ್ದು ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್. ನನ್ನ ಹತ್ತಿರ ಇದ್ದ ಒಂದೇ ಒಂದು 78ರ ಪ್ಲೇಟು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಕಾಲದ್ದು. ಉಳಿದವೆಲ್ಲ ವಿನೈಲ್ ಅನ್ನೋ ಪ್ಲಾಸ್ಟಿಕ್ಕಿನವು, ಬಿದ್ದರೂ ಅಷ್ಟು ಸುಲಭಕ್ಕೆ ಒಡೆಯಲ್ಲ, ಬಿಸಿಲಿಗೆ ಸೊಟ್ಟ ಆಗುತ್ತವೆ. 78 ಮಾತ್ರ ಹಪ್ಪಳದ ಜಾತಿ. "ಎಷ್ಟು ಬರುತ್ತೋ ಇದಕ್ಕೆ?" ಎನ್ನುವಷ್ಟರಲ್ಲಿ ಜಾರಿತು. ಎರಡು ಹೋಳು. ಭಾವ ನನ್ನ ಮುಖ ನೋಡಿದರು, ಹೋಳು ನೋಡಿದರು. "ಅರ್ಧ ರೇಟಿಗಾದ್ರೂ ಹೋಗಲ್ವೇನೋ?"

ಅಕ್ಕನ ಗಂಡ. ಬೈಯೋ ಹಾಗಿಲ್ಲ. ಕಾಫಿ ಕೊಟ್ಟೆ.

'ಅದ್ಯಾಕೋ ಹೀಗೆ ಒಡೀತು, ಯಾವುದರಿಂದ ಮಾಡಿದ್ದಾರೆ?' ಅಂತ ಕೇಳಿದ್ದರೆ ರಾತ್ರಿಯೆಲ್ಲ ಹೇಳುತ್ತಿದ್ದೆ. ಅರಗು, ಭಾವ. ಅರಗಿಗೆ ಕಲ್ಲಿನ ಪುಡಿ ಸೇರಿಸಿ ಒತ್ತಿದ್ದು. ಚನ್ನಪಟ್ಟಣದ ಬುಗುರಿಗೆ ಬಣ್ಣ ಹಚ್ಚುತ್ತಾರಲ್ಲ, ಅದೇ ಅರಗು. ಮರದ ಕೊಂಬೆಯ ಮೇಲೆ ಹುಳು ಬಿಡುವ ಅಂಟು. ಆ ಕಾಲಕ್ಕೆ ಜಗತ್ತಿನ ಅರಗಿನಲ್ಲಿ ಬಹುಪಾಲು ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿತ್ತು. 1923ರಲ್ಲಿ ಬೆಸ್ಸಿ ಸ್ಮಿತ್ ನ್ಯೂಯಾರ್ಕಿನಲ್ಲಿ ಹಾಡಿದ ಮೊದಲ ಪ್ಲೇಟು ಅಂಗಡಿಗೆ ಬಂದದ್ದು ಬಹುಶಃ ನಮ್ಮ ಕಡೆಯ ಹುಳುವಿನ ದಯದಿಂದ. 1942ರಲ್ಲಿ, ಯುದ್ಧ ನಡೆಯುವಾಗ, ಅಮೆರಿಕದಲ್ಲಿ ಅರಗಿಗೆ ಬರ ಬಂತು. ಜನರಿಂದ ಹಳೇ ಪ್ಲೇಟು ವಾಪಸ್ ತೆಗೆದುಕೊಂಡು, ಪುಡಿ ಮಾಡಿ, ಹೊಸ ಪ್ಲೇಟು ಒತ್ತಿದರು. ಹಾಗೆ ಎಷ್ಟು ಬ್ಲೂಸ್ ಪುಡಿಯಾಯಿತೋ! ಹೆಚ್ಚು ಹೊತ್ತು ಹಾಡುವ ವಿನೈಲ್ ಪ್ಲೇಟು, ಎಲ್ಪಿ, ಬಂದದ್ದು ಆಮೇಲೆ, 1948ರಲ್ಲಿ.

ನಮ್ಮ ಮೈಸೂರಲ್ಲೇ ಓಟಿನ ಶಾಯಿ ಮಾಡುವ ಕಾರ್ಖಾನೆ ಇದೆಯಲ್ಲ, 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದಾಗ ಅದರ ಹೆಸರಲ್ಲೂ ಲ್ಯಾಕ್ ಅಂತ ಇತ್ತು. ಲ್ಯಾಕ್ ಅಂದರೂ ಅರಗೇ. ಇದನ್ನೂ ಭಾವನಿಗೆ ಹೇಳಬೇಕು ಅಂತಿದ್ದೆ.

ಹೋಳುಗಳನ್ನು ಎಸೆದಿಲ್ಲ. ಮೊನ್ನೆ ಭಾವ ತಾವೇ ಫೋನ್ ಮಾಡಿದ್ದರು.

"ಅದು ಹೋಯ್ತೇನೋ? ಯಾರಾದ್ರೂ ತಗೊಂಡ್ರಾ?"