ಬೇಗೂರಿನಲ್ಲಿ ಕಿಚ್ಚಿಗೆ ದನ ಬೇಕಾಗಿವೆ

ಭಾನುವಾರ, 12 ಜನವರಿ 2025

ಮಂಗಳವಾರ ಸಂಕ್ರಾಂತಿ. ಬೇಗೂರಿನ ಹಳೇ ಬೀದಿಯಲ್ಲಿ ಇವತ್ತು ಒಂದೇ ಮಾತು: ಕಿಚ್ಚು ಹಾಯಿಸೋಕೆ ದನ ಎಲ್ಲಿಂದ ತರೋದು? ಈಗ ಹಸು ಕಟ್ಟಿರುವವರು ಬೆರಳೆಣಿಕೆ. ಇರುವವೂ ಸೀಮೆಹಸು. ಬೆಂಕಿ ಕಂಡು ಬೆದರಿದರೆ ಸಂಜೆ ಹಾಲಿಗೆ ಸೊರ ಬಿಡಲ್ಲ ಅನ್ನೋದು ಅವರ ತಕರಾರು. ಅದೂ ನಿಜವೇ ಅಲ್ವಾ?

ಜಗಲಿ ಮೇಲೆ ಹೆಂಗಸರು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಒಂದು ಮೊರ ಎಳೆದುಕೊಂಡು ಕೂತೆ. ಒಳ್ಳೇ ಸೊಗಡಿನ ಕಾಯಿ. ಸ್ವಲ್ಪ ಹೊತ್ತಿಗೇ ಬೆರಳ ತುದಿಯೆಲ್ಲ ಜಿಡ್ಡು, ಸೋಪಿಗೂ ಹೋಗದ ವಾಸನೆ. ಊರಿನ ಸಮಾಚಾರ ಬೇಕಂದ್ರೆ ಇಲ್ಲೇ ಕೂರಬೇಕು. ಯಾರ ಸೈಟು ಕೋರ್ಟಲ್ಲಿದೆ, ಯಾರ ಬೋರ್‌ವೆಲ್ ಬತ್ತಿತು, ಮೇಲಿನ ಮನೆಗೆ ಬಾಡಿಗೆಗೆ ಬಂದ ಹುಡುಗರು ಎಂಥವರು, ಎಲ್ಲದಕ್ಕೂ ತೀರ್ಪು ಸಿಗುತ್ತದೆ. ಹೊಲ ಮಾರಿ ಮೂರಂತಸ್ತು ಕಟ್ಟಿದವರೇ ಜಾಸ್ತಿ. ಆದರೂ ಕಾಯಿ ಎಳೆಯದೋ ಬಲಿತದ್ದೋ ಅಂತ ಮಾತಿನ ಮಧ್ಯೆ, ಕಣ್ಣು ಹಾಯಿಸದೆ, ಬೆರಳಲ್ಲೇ ವಿಂಗಡಿಸುತ್ತಾರೆ. ನನ್ನ ಮೊರದಿಂದ ಎರಡು ಹುಳುಕು ಆರಿಸಿ ಎಸೆದರು, ಏನೂ ಅನ್ನಲಿಲ್ಲ.

ಆಮೇಲೆ ನಾಗನಾಥೇಶ್ವರ ದೇವಸ್ಥಾನದ ಕಡೆ ಹೋದೆ. ಅಲ್ಲಿರುವ ವೀರಗಲ್ಲು ಗಂಗರ ಕಾಲದ್ದು, ಸುಮಾರು ಕ್ರಿ.ಶ. 890ರದು. ಗಂಗರ ಅಧಿಕಾರಿ ನಾಗತ್ತರನ ಕಡೆಯವರು ಬೆಂಗಳೂರ ಕಾಳಗದಲ್ಲಿ ಮಡಿದರು ಅಂತ ಅದರಲ್ಲಿದೆ. ಬೆಂಗಳೂರು ಅನ್ನೋ ಹೆಸರಿಗೆ ಹಳೇ ಸಾಕ್ಷಿ ಅಂತ ಎಲ್ಲರೂ ತೋರಿಸುವುದು ಇದನ್ನೇ. ಬೇಗೂರಿನದೇ ಇನ್ನೊಂದು ಶಾಸನದ ಪ್ರಕಾರ, ನಾಗತ್ತರ ಯುದ್ಧದಲ್ಲಿ ಮಡಿದ ಮೇಲೆ ಅವನ ಪಟ್ಟದ ಜೊತೆ ಬೆಂಪೂರು ಹನ್ನೆರಡು, ಅಂದರೆ ಬೇಗೂರು ಮತ್ತು ಸುತ್ತಲ ಹಳ್ಳಿಗಳು ಇರುಗ ಅನ್ನುವವನಿಗೆ ಸಿಕ್ಕವು. ಆ ಪಟ್ಟಿಯಲ್ಲಿರುವ ಇಗ್ಗಲೂರು ಹೆಸರಿನ ಊರು ಚಂದಾಪುರದ ಹತ್ತಿರ ಈಗಲೂ ಇದೆ. ಆಗ ದೊಡ್ಡ ಊರು ಬೇಗೂರು, ಬೆಂಗಳೂರು ಸುಮ್ನೆ ಜಗಳ ನಡೆದ ಜಾಗ! 2007ರಲ್ಲಿ 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಆಯಿತು. ಬೇಗೂರೂ ಅದರೊಳಗೆ ಹೋಯಿತು, ಲೆಕ್ಕ ಪೂರ್ತಿ ತಿರುಗಿತು. ಈಗ ತೆರಿಗೆ ಬೆಂಗಳೂರಿಗೆ, ನೀರಿಗೆ ಟ್ಯಾಂಕರ್.

ಸಂಜೆ ಕಟ್ಟೆ ಮೇಲೆ ದನದ ಮಾತು ಮತ್ತೆ ಎದ್ದಿತು. ಅಪಾರ್ಟ್‌ಮೆಂಟಿನವರು ಚಂದಾ ಕೊಡ್ತೀವಿ, ಮಕ್ಕಳಿಗೆ ವಿಡಿಯೋ ಮಾಡೋಕೆ ಮುಂದೆ ಜಾಗ ಬಿಡಿ ಅಂದಿದ್ದಾರಂತೆ. ಹಿರಿಯರಿಗೆ ಅದು ಹಿಡಿಸಲಿಲ್ಲ. ಹುಡುಗರು ಮಾತ್ರ ಚಂದಾ ಪುಸ್ತಕ ತರೋಕೆ ಆಗಲೇ ಎದ್ದರು. ಕೊನೆಗೆ, ಪಕ್ಕದ ಹಳ್ಳಿಯಿಂದ ಒಂದು ಜೋಡಿ ಎತ್ತು ಟೆಂಪೋದಲ್ಲಿ ತರಿಸೋದು ಅಂತ ಆಯಿತು. ಟೆಂಪೋ ಬಾಡಿಗೆ ಯಾರು ಕೊಡೋದು ಅನ್ನೋದಕ್ಕೆ ನಾಳೆ ಬೆಳಗ್ಗೆ ಮತ್ತೆ ಸಭೆ.