ಶಿರಾಡಿ ತಿರುವಿನಲ್ಲಿ ಮಗುಚಿದ ಮೆಥನಾಲ್

ಮಂಗಳೂರು ಕಡೆಯಿಂದ ಶಿರಾಡಿ ಘಾಟಿ ಹತ್ತುತ್ತಿದ್ದ ಟ್ಯಾಂಕರ್ ತಿರುವೊಂದರಲ್ಲಿ ಎಡಮಗ್ಗುಲಾಗಿ ಚರಂಡಿಗೆ ಒರಗಿತ್ತು. ಬೆಳಗಿನ ಹನ್ನೊಂದು ಗಂಟೆ, ಬೇಸಿಗೆಯ ಬಿಸಿಲು. ನಡುವಿನ ಕೋಣೆಯ ಮುಚ್ಚಳದ ಗ್ಯಾಸ್ಕೆಟ್‌ನಿಂದ ನೀರಿನಂಥ ದ್ರವ ಸೋರುತ್ತಿತ್ತು. ಹೊಗೆಯಿಲ್ಲ, ಕಣ್ಣುರಿಯಿಲ್ಲ, ಸಾರಾಯಿಯಂಥ ತೆಳು ವಾಸನೆ ಮಾತ್ರ. 'ಸ್ಪಿರಿಟ್ ಗಾಡಿ' ಎನ್ನುತ್ತಿದ್ದರು ಸೇರಿದವರು. ಇಬ್ಬರ ಕೈಯಲ್ಲಿ ಆಗಲೇ ತುಂಬಿದ ಕೊಡಗಳಿದ್ದವು.

ರಕ್ಷಣೆಗೆ ಹೋದ ನಾವು ದೂರದಿಂದಲೇ ಬೈನಾಕ್ಯುಲರ್ ಹಿಡಿದು ಹಿಂಬದಿಯ ಫಲಕ ಓದಿದ್ದಾಯಿತು: ಸರಕಿನ ಗುರುತುಸಂಖ್ಯೆ ಯುಎನ್ 1230, ತುರ್ತುಕ್ರಮ ಸೂಚಿಸುವ ಸಂಕೇತ ಹ್ಯಾಜ್‌ಕೆಮ್ 2 ಡಬ್ಲ್ಯೂ ಇ. ಮೆಥನಾಲ್, ಅಂದರೆ ಕಾರ್ಖಾನೆಗಳಲ್ಲಿ ಬಳಸುವ ವಿಷಕಾರಿ ಆಲ್ಕೋಹಾಲ್. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಈ ಫಲಕವನ್ನು ಕಡ್ಡಾಯ ಮಾಡಿರುವುದು ಇಂಥ ಹೊತ್ತಿಗಾಗಿಯೇ. 2 ಎಂದರೆ ನೀರನ್ನು ಮಂಜಿನಂತೆ ಸಿಂಪಡಿಸು. ಇ ಎಂದರೆ ಜನರನ್ನು ತೆರವು ಮಾಡುವ ಯೋಚನೆ ಮಾಡು. ನಡುವಿನ ಡಬ್ಲ್ಯೂ ಅಕ್ಷರವನ್ನೇ ಹೆಚ್ಚಿನವರು ಮರೆಯುತ್ತಾರೆ: ಮೈಮುಚ್ಚುವ ರಾಸಾಯನಿಕ ಉಡುಪು, ಬೆನ್ನಿಗೆ ಗಾಳಿಯ ಸಿಲಿಂಡರ್, ಮತ್ತು ಚೆಲ್ಲಿದ್ದನ್ನು ಹರಿಯಗೊಡದೆ ಅಲ್ಲೇ ಹಿಡಿದಿಡು.

ಮೊದಲ ಕೆಲಸ ಕೊಡ ಕಸಿದುಕೊಳ್ಳುವುದಾಗಿತ್ತು. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಸುಮಾರು 10 ಮಿಲಿಲೀಟರ್ ಒಳಗೆ ಹೋದರೆ ಕಣ್ಣು ಹೋಗಬಹುದು, 30 ಮಿಲಿಲೀಟರಿಗೆ ಜೀವವೇ ಹೋಗಬಹುದು. ಯಕೃತ್ತು ಅದನ್ನು ಫಾರ್ಮಿಕ್ ಆಮ್ಲವಾಗಿ ಒಡೆಯುತ್ತದೆ; ಕಣ್ಣಿನ ನರವನ್ನು ಸುಡುವುದು ಆ ಆಮ್ಲ. ಇದಕ್ಕೆ ಹೊತ್ತು ಹಿಡಿಯುವುದರಿಂದ ಲಕ್ಷಣ ಕಾಣುವುದು ಹಲವು ಸಲ 12ರಿಂದ 24 ತಾಸಿನ ಮೇಲೆ. 'ಕುಡಿದವನಿಗೆ ಏನೂ ಆಗಿಲ್ಲವಲ್ಲ' ಎಂಬ ಮಾತು ಹುಟ್ಟುವುದು ಆ ಬಿಡುವಿನಲ್ಲಿ. ಇದನ್ನು ಗುಂಪಿಗೆ ಗಟ್ಟಿಯಾಗಿ, ಮತ್ತೆ ಮತ್ತೆ ಹೇಳಲೇಬೇಕು. ಟೇಪು ಕಟ್ಟಿ ಓಡಿಸಿದರೆ ರಾತ್ರಿ ಮರಳಿ ಬರುತ್ತಾರೆ.

ಸುತ್ತಲೂ 50 ಮೀಟರ್ ಖಾಲಿ ಮಾಡಿಸಿ, ಎರಡೂ ಕಡೆಯ ವಾಹನಗಳ ಎಂಜಿನ್ ನಿಲ್ಲಿಸಿದ್ದಾಯಿತು. ಬೆಂಕಿ ಟ್ಯಾಂಕಿಗೇ ತಗುಲಿದ್ದರೆ ಈ ಅಂತರ 800 ಮೀಟರ್.

ಅಷ್ಟರಲ್ಲಿ ಟ್ಯಾಂಕಿನಿಂದ ತುಸು ಕೆಳಗೆ, ಡಾಂಬರಿನ ಅಂಚಿನ ಮಡುವಿನ ಮೇಲೆ ಗಾಳಿ ನಡುಗುತ್ತಿರುವುದು ಕಂಡಿತು. ಮೆಥನಾಲ್ ಉರಿಯಲ್ಲಿ ಮಸಿ ಇಲ್ಲ. ತೆಳುನೀಲಿ ಜ್ವಾಲೆ ನಡುಹಗಲಲ್ಲಿ ಕಣ್ಣಿಗೆ ಬೀಳುವುದಿಲ್ಲ. ಥರ್ಮಲ್ ಕ್ಯಾಮೆರಾ ಬರುವವರೆಗೆ ಉಳಿದದ್ದು ಹಳೆಯ ಉಪಾಯ: ಉದ್ದ ಬಿದಿರಿನ ತುದಿಗೆ ಹಿಡಿಸೂಡಿ ಕಟ್ಟಿ, ಗಾಳಿ ಬೆನ್ನಿಗಿರುವಂತೆ ನಿಂತು, ಮುಂದೆ ಚಾಚಿ ಹೆಜ್ಜೆಯಿಡುವುದು. ನಾಲ್ಕನೇ ಹೆಜ್ಜೆಗೆ ಕಡ್ಡಿಗಳ ತುದಿ ಹೊತ್ತಿಕೊಂಡಿತು.

ಇಲ್ಲಿ ದೊಡ್ಡ ಎಡವಟ್ಟಾಯಿತು. ಮೊದಲು ಬಂದ ವಾಹನದಲ್ಲಿದ್ದದ್ದು ಪೆಟ್ರೋಲ್ ಬೆಂಕಿಗೆ ಬಳಸುವ ಸಾಮಾನ್ಯ ನೊರೆ. ಮೆಥನಾಲ್ ಗುಳ್ಳೆಯೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ನೊರೆ ಬಿದ್ದಲ್ಲೇ ಕರಗಿ ಹೋಯಿತು. ಬೇಕಾದದ್ದು ಆಲ್ಕೋಹಾಲ್ ತಾಳುವ ನೊರೆ. ಅದರಲ್ಲಿರುವ ಪಾಲಿಮರ್ ದ್ರವದ ಮೇಲೆ ಕೆನೆಯಂಥ ಪದರ ಕಟ್ಟುತ್ತದೆ. ಹತ್ತಿರದ ಕಾರ್ಖಾನೆಯೊಂದರಿಂದ ಅದು ಬರುವವರೆಗೆ ಟ್ಯಾಂಕಿನ ಮೈಮೇಲೆ ನೀರಿನ ಮಂಜು ಹಿಡಿದು ತಂಪಾಗಿಡಬೇಕಾಯಿತು. ಲೆಕ್ಕ ಹೀಗೆ: ಮಡು ಸುಮಾರು 30 ಚದರ ಮೀಟರ್, ಚದರ ಮೀಟರಿಗೆ ನಿಮಿಷಕ್ಕೆ 6.5 ಲೀಟರಿನಂತೆ 15 ನಿಮಿಷಕ್ಕೆ 2,925 ಲೀಟರ್ ದ್ರಾವಣ. ಶೇ. 6ರ ಬೆರಕೆಯಲ್ಲಿ 175 ಲೀಟರಿನಷ್ಟು ನೊರೆದ್ರವ, ಅಂದರೆ 20 ಲೀಟರಿನ ಒಂಬತ್ತು ಕ್ಯಾನ್. ಡಬ್ಬದ ಮೇಲೆ 3/6 ಎಂದಿದ್ದರೆ ಪೆಟ್ರೋಲಿಗೆ 3, ಆಲ್ಕೋಹಾಲಿಗೆ 6. ಅವಸರದಲ್ಲಿ, ನೊರೆದ್ರವವನ್ನು ನೀರಿಗೆ ಬೆರೆಸುವ ಇಂಡಕ್ಟರ್ ಅನ್ನು 3ರಲ್ಲೇ ಬಿಡುವುದುಂಟು. ನೊರೆಯನ್ನು ನೇರ ಮಡುವಿಗೆ ಹೊಡೆದರೆ ಮುಳುಗಿ ಹಾಳಾಗುತ್ತದೆ. ಗುಡ್ಡದ ಬದಿಯ ಮಣ್ಣಿಗೆ ತಾಗಿಸಿ ಮೆಲ್ಲಗೆ ಜಾರಿ ಬರುವಂತೆ ಬಿಟ್ಟಾಗ ಉರಿ ಆರಿತು. ಆರಿತೆಂದು ಹೇಳಿದ್ದೂ ಹಿಡಿಸೂಡಿಯೇ.

'ನೀರು ಬಿಟ್ಟು ತೊಳೆದುಬಿಡಿ' ಎಂಬ ಸಲಹೆ ಇಂಥ ಜಾಗದಲ್ಲಿ ಬಂದೇ ಬರುತ್ತದೆ. ಕಾಲು ಭಾಗ ಮೆಥನಾಲ್ ಇರುವ ನೀರೂ ಹೊತ್ತಿಕೊಳ್ಳುತ್ತದೆ. ಒಂದು ಪಾಲಿಗೆ ಕನಿಷ್ಠ ನಾಲ್ಕು ಪಾಲು ನೀರು ಬೇಕು. ಟ್ಯಾಂಕರಿನ 20,000 ಲೀಟರಿಗೆ 80,000 ಲೀಟರ್, ಅಂದರೆ 5,000 ಲೀಟರಿನ 16 ವಾಹನ. ಅಷ್ಟೂ ಇಳಿಯುವುದು ಕೆಂಪುಹೊಳೆಗೆ, ಅಲ್ಲಿಂದ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಕೊನೆಗೆ ಮಂಗಳೂರಿಗೆ ಕುಡಿಯುವ ನೀರೆತ್ತುವ ತುಂಬೆ ಅಣೆಕಟ್ಟಿಗೆ. ಮೆಥನಾಲ್ ನೀರಿನಲ್ಲಿ ಪೂರ್ತಿ ಬೆರೆಯುವುದರಿಂದ ಎಣ್ಣೆಗೆ ಹಾಕುವ ತೇಲುಬೇಲಿ ಅದನ್ನು ತಡೆಯದು. ಚರಂಡಿಗೆ ಅಡ್ಡಲಾಗಿ ಎರಡು ಕಡೆ ಮಣ್ಣಿನ ಕಟ್ಟ ಹಾಕಿ, ಮರಳು ಚೀಲ ಪೇರಿಸಿದ್ದೇ ಹೊಳೆಯನ್ನು ಉಳಿಸಿತು.

ಉಪಕರಣಗಳನ್ನೂ ಕುರುಡಾಗಿ ನಂಬುವಂತಿಲ್ಲ. ಗಾಳಿಯಲ್ಲಿನ ಆವಿಯನ್ನು ಅತಿನೇರಳೆ ದೀಪದಿಂದ ಅಳೆಯುವ ಪಿಐಡಿ ಮಾಪಕದ ದೀಪ 10.6 ಇವಿಯದ್ದಾದರೆ (ಇವಿ ಎಂದರೆ ಬೆಳಕಿನ ಶಕ್ತಿಯ ಅಳತೆ) ಅದಕ್ಕೆ ಮೆಥನಾಲ್ ಕಾಣುವುದೇ ಇಲ್ಲ, ಅದರ ಅಯಾನೀಕರಣಕ್ಕೆ, ಅಂದರೆ ಅಣುವಿನಿಂದ ಎಲೆಕ್ಟ್ರಾನ್ ಕಳಚಲು, 10.85 ಬೇಕು, ಸೋರಿಕೆಯ ಪಕ್ಕದಲ್ಲೇ ಸೊನ್ನೆ ತೋರಿಸುತ್ತದೆ. ಆವಿ ಹೊತ್ತಿಕೊಳ್ಳುವ ಕನಿಷ್ಠ ಪ್ರಮಾಣಕ್ಕೆ ಎಷ್ಟು ಹತ್ತಿರವಿದೆ ಎಂದು ತೋರಿಸುವ ಸ್ಫೋಟಮಿತಿ ಮಾಪಕದಲ್ಲಿ ಶೇ. 10 ಬಂದರೆ 'ಇನ್ನೂ ದೂರ ಇದೆ' ಅನ್ನಿಸುತ್ತದೆ. ಆದರೆ ಕೆಳಮಿತಿ ಗಾಳಿಯ ಶೇ. 6, ಅದರ ಹತ್ತನೇ ಒಂದು ಪಾಲು ಎಂದರೆ 6,000 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 6,000 ಪಾಲು): ಜೀವಕ್ಕೆ ತಕ್ಷಣ ಅಪಾಯ ಎಂದು ಗುರುತಿಸಿದ ಮಟ್ಟ. ಇದ್ದಿಲಿನ ಕಾರ್ಟ್ರಿಜ್ ಮುಖವಾಡವೂ ಸಲ್ಲದು, ಇದ್ದಿಲು ಮೆಥನಾಲನ್ನು ಹಿಡಿದಿಡುವುದಿಲ್ಲ. ಕೈಗೆ ಬ್ಯೂಟೈಲ್ ರಬ್ಬರ್ ಗ್ಲೌಸ್ ಆಗಬೇಕು. ಆಸ್ಪತ್ರೆಯ ಲೇಟೆಕ್ಸ್ ಗ್ಲೌಸ್ ಹಾಕಿಕೊಂಡರೆ ಹಾಕದಂತೆಯೇ.

ಸೋರಿಕೆಗೆ ಡ್ರೈವರ್ ಆಗಲೇ ಸೋಪು ಮೆತ್ತಿದ್ದ. ಡೀಸೆಲ್ ಟ್ಯಾಂಕಿಗೆ ಆಗುವ ಉಪಾಯ. ಮೆಥನಾಲ್ ಸೋಪನ್ನೇ ಕರಗಿಸುತ್ತದೆ. ಬಟ್ಟೆ ಸುತ್ತಿದ ಮರದ ಬೆಣೆಗಳನ್ನು ಮರದ ಸುತ್ತಿಗೆಯಿಂದ ಬಡಿದಾಗ ಧಾರೆ ಹನಿಗೆ ಇಳಿಯಿತು. ಆತನ ಅಂಗಿ ತೋಯ್ದಿತ್ತು. ಬಟ್ಟೆ ಕಳಚಿಸಿ, 15 ನಿಮಿಷ ನೀರಲ್ಲಿ ತೊಳೆಸಿ, ಆರಾಮಾಗಿದ್ದರೂ ಒಂದು ದಿನ ನಿಗಾದಲ್ಲಿಡಲು ಆಸ್ಪತ್ರೆಗೆ ಕಳಿಸಲಾಯಿತು. ಚರ್ಮದ ಮೂಲಕವೂ ಇದು ಒಳಗೆ ಹೋಗುತ್ತದೆ.

ಬೇರೆ ಟ್ಯಾಂಕರಿಗೆ ವರ್ಗಾಯಿಸುವ ಮುನ್ನ, ಸ್ಥಾಯಿವಿದ್ಯುತ್ತಿನ ಕಿಡಿ ಹಾರದಂತೆ, ಎರಡನ್ನೂ ತಾಮ್ರದ ಕೇಬಲಿನಿಂದ ಜೋಡಿಸಿ ನೆಲಕ್ಕೆ ಅರ್ಥಿಂಗ್ ಕೊಟ್ಟು, ವಿದ್ಯುತ್ ರೋಧ 10 ಓಮ್‌ಗಿಂತ ಕಡಿಮೆ ಇದೆಯೆಂದು ಅಳೆದದ್ದಾಯಿತು. ಗಾಳಿಯೊತ್ತಡದ ಡಯಾಫ್ರಾಮ್ ಪಂಪು, ಟೆಫ್ಲಾನ್ ಸೀಲು. ಸೀಲಿಗೆ ಬಳಸುವ ಸಾಮಾನ್ಯ ವೈಟಾನ್ ರಬ್ಬರ್ ಮೆಥನಾಲಿನಲ್ಲಿ ಉಬ್ಬುತ್ತದೆ.

ಕತ್ತಲಾಗುವ ಹೊತ್ತಿಗೆ ಟ್ಯಾಂಕರ್ ಬರಿದಾಯಿತು, ಕ್ರೇನ್ ಕಾಯುತ್ತಿತ್ತು. ಖಾಲಿ ಪೆಟ್ರೋಲ್ ಟ್ಯಾಂಕಿನೊಳಗೆ ಆವಿ ಸಾಮಾನ್ಯವಾಗಿ ಉರಿಯಲಾರದಷ್ಟು ದಟ್ಟವಾಗಿರುತ್ತದೆ. ಮೆಥನಾಲ್ ಹಾಗಲ್ಲ: 30 ಡಿಗ್ರಿಯಲ್ಲಿ ಒಳಗಿನ ಆವಿ ಶೇ. 20ರ ಆಸುಪಾಸು, 6ರಿಂದ 36ರ ಸ್ಫೋಟಮಿತಿಯ ನಟ್ಟನಡುವೆ. ಕ್ರೇನಿನ ಸರಪಳಿ ಉಜ್ಜಿ ಹುಟ್ಟುವ ಒಂದು ಕಿಡಿ ಸಾಕು. 7 ಘನ ಮೀಟರಿನ ಒಂಬತ್ತು ನೈಟ್ರೋಜನ್ ಸಿಲಿಂಡರುಗಳನ್ನು ಕೋಣೆ ಕೋಣೆಗೂ ಹರಿಸಿ ಆಮ್ಲಜನಕವನ್ನು ಹೊರದಬ್ಬಬೇಕಾಯಿತು. ಆಮ್ಲಜನಕ ಇಲ್ಲದಲ್ಲಿ ಸ್ಫೋಟಮಿತಿ ಮಾಪಕ ಸುಳ್ಳು ಹೇಳುತ್ತದೆ. ಆದ್ದರಿಂದ ಓದಿದ್ದು ಆಮ್ಲಜನಕವನ್ನೇ, ಮೂರೂ ಕೋಣೆಗಳ ಮೇಲೆ, ನಡುವೆ, ತಳದಲ್ಲಿ. ಒಂಬತ್ತೂ ಕಡೆ ಅದು ಉರಿ ಹತ್ತಲಾರದ ಮಟ್ಟಕ್ಕೆ, ಶೇ. 8ಕ್ಕಿಂತ ಕೆಳಗೆ ಬಂದ ಮೇಲೆ ಕ್ರೇನಿನವನಿಗೆ ಕೈ ತೋರಿಸಿದೆವು.